ಮೇಣದ ಚೂರುಗಳಿಂದ ಹೊಸ ಮೇಣದಬತ್ತಿ: ಎಲ್ಲ ಗುಟ್ಟು ಬತ್ತಿಯಲ್ಲಿದೆ

ಉರಿದು ಮುಗಿದ ಮೇಣದಬತ್ತಿಯ ಚೂರುಗಳನ್ನು ಬಿಸಾಡಲು ನನಗೆ ಮನಸ್ಸು ಬರುವುದಿಲ್ಲ. ತಳದಲ್ಲಿ ಉಳಿದ ಬಿಲ್ಲೆ, ಬದಿಯಲ್ಲಿ ಇಳಿದು ಗಟ್ಟಿಯಾದ ಹನಿಗಳು, ಗಾಜಿನ ಲೋಟದ ಒಳಗೋಡೆಗೆ ಅಂಟಿಕೊಂಡ ಪದರ, ಎಲ್ಲವನ್ನೂ ಕೆರೆದು ಒಂದು ಡಬ್ಬಿಯಲ್ಲಿ ಹಾಕಿಡುತ್ತೇನೆ. ಡಬ್ಬಿ ತುಂಬಿದ ದಿನ ಕರಗಿಸುವ ಕೆಲಸ.

ಕೇಳಲು ಬಹಳ ಸುಲಭ. ಮೇಣ ಕರಗಿಸಿ, ಡಬ್ಬಿಯ ನಡುವೆ ಒಂದು ದಾರ ಇಡಿ, ಹೊಯ್ಯಿರಿ, ಆರಲು ಬಿಡಿ. ಆದರೆ ಹೀಗೆ ಮಾಡಿ ನೋಡಿದವರಲ್ಲಿ ತುಂಬಾ ಜನ ಒಂದೇ ಮಾತು ಹೇಳುತ್ತಾರೆ. ನೋಡಲು ಚೆಂದ ಬಂತು, ಹಚ್ಚಿದರೆ ಐದು ನಿಮಿಷಕ್ಕೆ ಆರಿಹೋಯಿತು. ಇಲ್ಲವೇ ಕಪ್ಪು ಹೊಗೆ ಬಂದು ಗೋಡೆಯೆಲ್ಲ ಮಸಿಯಾಯಿತು. ಆಗ ಎಲ್ಲರೂ ಬೈಯುವುದು ಮೇಣವನ್ನು. ತಪ್ಪು ಹೆಚ್ಚಿನ ಸಲ ಇರುವುದು ಬತ್ತಿಯಲ್ಲಿ. ಅದು ಯಾಕೆ ಅನ್ನುವುದು ಒಮ್ಮೆ ತಲೆಗೆ ಹೋದರೆ, ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಉರಿಯುವುದು ಏನು?

ಒಂದು ಸಣ್ಣ ಪ್ರಯೋಗ ಮಾಡಿ. ಗಾಳಿ ಆಡದ ಜಾಗದಲ್ಲಿ ಮೇಣದಬತ್ತಿಯೊಂದನ್ನು ಹಚ್ಚಿ ಐದು ನಿಮಿಷ ಉರಿಯಲು ಬಿಡಿ. ಕೈಯಲ್ಲಿ ಇನ್ನೊಂದು ಬೆಂಕಿಕಡ್ಡಿ ಗೀರಿ ಹಿಡಿದುಕೊಂಡು, ಮೇಣದಬತ್ತಿಯನ್ನು ಮೆಲ್ಲಗೆ ಊದಿ ಆರಿಸಿ. ಬತ್ತಿಯ ತುದಿಯಿಂದ ಬಿಳಿ ಹೊಗೆಯ ಎಳೆಯೊಂದು ಮೇಲೇಳುತ್ತದೆ. ಬತ್ತಿಯನ್ನು ಮುಟ್ಟದೆ, ಒಂದೆರಡು ಸೆಂಟಿಮೀಟರ್ ಮೇಲೆ ಆ ಹೊಗೆಗೇ ಕಡ್ಡಿ ತಾಗಿಸಿ. ಉರಿ ಹೊಗೆಯ ಎಳೆ ಹಿಡಿದು ಕೆಳಗಿಳಿದು ಬತ್ತಿಗೆ ಮತ್ತೆ ಹೊತ್ತಿಕೊಳ್ಳುತ್ತದೆ!

ಆ ಬಿಳಿ ಹೊಗೆ ಮೇಣದ್ದೇ. ಬಿಸಿಗೆ ಆವಿಯಾದ ಮೇಣ ತಣ್ಣಗಿನ ಗಾಳಿ ತಾಗಿ ಸಣ್ಣ ಸಣ್ಣ ಕಣಗಳಾಗಿ ಕಾಣುತ್ತದೆ. ಅಂದರೆ ಮೇಣದಬತ್ತಿಯಲ್ಲಿ ಉರಿಯುವುದು ಮೇಣದ ಆವಿ. ಉರಿಯ ಬಿಸಿಗೆ ಕೆಳಗಿನ ಮೇಣ ಕರಗಿ ಒಂದು ಪುಟ್ಟ ಕೊಳವಾಗುತ್ತದೆ. ಬಟ್ಟೆಯ ತುದಿ ನೀರಿಗೆ ತಾಗಿದರೆ ನೀರು ಮೇಲೇರುತ್ತದಲ್ಲ, ಹಾಗೇ ಬತ್ತಿಯ ನೂಲು ಆ ಮೇಣವನ್ನು ಮೇಲಕ್ಕೆ ಹೀರಿಕೊಳ್ಳುತ್ತದೆ. ತುದಿಗೆ ಬಂದ ಮೇಣ ಆವಿಯಾಗಿ ಉರಿಯುತ್ತದೆ. ಆ ಉರಿ ಮತ್ತಷ್ಟು ಮೇಣ ಕರಗಿಸುತ್ತದೆ. ಬ್ರಿಟನ್ನಿನ ವಿಜ್ಞಾನಿ ಮೈಕೆಲ್ ಫ್ಯಾರಡೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ 1848ರಲ್ಲಿ ಒಮ್ಮೆ, 1860ರಲ್ಲಿ ಮತ್ತೊಮ್ಮೆ ಮಕ್ಕಳಿಗಾಗಿ ಉಪನ್ಯಾಸ ಮಾಲೆ ನಡೆಸಿದಾಗ ಆರಿಸಿಕೊಂಡ ವಿಷಯ ಬರೀ ಒಂದು ಮೇಣದಬತ್ತಿ. ಅಷ್ಟು ಸಂಗತಿ ಅದರಲ್ಲಿದೆ.

ಈಗ ಲೆಕ್ಕ ನೋಡಿ. ಬತ್ತಿ ಎಷ್ಟು ಮೇಣ ಮೇಲೆತ್ತುತ್ತದೋ ಅಷ್ಟನ್ನು ಉರಿ ಪೂರ್ತಿ ಸುಡಬೇಕು. ಬತ್ತಿ ದಪ್ಪಗಿದ್ದು ಜಾಸ್ತಿ ಎತ್ತಿದರೆ ಅಷ್ಟಕ್ಕೂ ಗಾಳಿ ಸಾಲುವುದಿಲ್ಲ, ಸುಡದೆ ಉಳಿದ ಇಂಗಾಲ ಮಸಿಯಾಗಿ ಹೊರಬರುತ್ತದೆ. ಬತ್ತಿ ಸಣ್ಣಗಿದ್ದು ಕಡಿಮೆ ಎತ್ತಿದರೆ ಉರಿ ಪುಟ್ಟದಾಗಿ, ಅದರ ಸುತ್ತ ಮಾತ್ರ ಮೇಣ ಕರಗಿ, ನಡುವೆ ಸುರಂಗದಂತೆ ಗುಂಡಿ ಬೀಳುತ್ತದೆ. ಕೊನೆಗೆ ಬತ್ತಿ ತನ್ನದೇ ಮೇಣದಲ್ಲಿ ಮುಳುಗಿ ಆರುತ್ತದೆ. ಮನೆಯಲ್ಲಿ ಮಾಡಿದ ಮೇಣದಬತ್ತಿಯ ತೊಂದರೆಗಳಲ್ಲಿ ಮುಕ್ಕಾಲು ಪಾಲು ಈ ಎರಡರಲ್ಲೇ ಮುಗಿಯುತ್ತವೆ.

ಯಾವ ಮೇಣ ಆಗುತ್ತದೆ, ಯಾವುದು ಆಗುವುದಿಲ್ಲ

ಸಾಮಾನ್ಯ ಮೇಣದಬತ್ತಿ ಹೆಚ್ಚಾಗಿ ಪ್ಯಾರಾಫಿನ್. ಪೆಟ್ರೋಲಿಯಂನಿಂದ ಬರುವ ಈ ಮೇಣ ಬಗೆಯನ್ನು ಅವಲಂಬಿಸಿ ಸುಮಾರು 46ರಿಂದ 68 ಡಿಗ್ರಿ ಸೆಲ್ಸಿಯಸ್ ನಡುವೆ ಕರಗುತ್ತದೆ. ಜೇನುಮೇಣ 62ರಿಂದ 64 ಡಿಗ್ರಿ. ಗಾಜಿನ ಲೋಟದಲ್ಲಿ ಬರುವ ಪರಿಮಳದ ಮೇಣದಬತ್ತಿಗಳಲ್ಲಿ ಸೋಯಾ ಮೇಣ ಇರುವುದುಂಟು. ಅದು ಸೋಯಾ ಎಣ್ಣೆಗೆ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡಿದ್ದು, ಮೆದು. ಉಗುರಿನಿಂದ ಒತ್ತಿ ನೋಡಿದರೆ ಗೊತ್ತಾಗುತ್ತದೆ. ಉಗುರು ಸುಲಭವಾಗಿ ಇಳಿದರೆ ಅದು ಡಬ್ಬಿಗೆ ಹೊಯ್ಯುವ ಮೇಣ, ಗಟ್ಟಿಯಾಗಿ ತಡೆದರೆ ತಾನೇ ನಿಲ್ಲುವ ಕಂಬದಂಥ ಮೇಣದಬತ್ತಿಯದು.

ಬೇರೆ ಬೇರೆ ಮೇಣ ಬೆರೆಸಬಹುದು, ತೊಂದರೆಯಿಲ್ಲ. ಬೆರಕೆ ಮೇಣವನ್ನು ಮಾತ್ರ ಡಬ್ಬಿಗೇ ಹೊಯ್ಯಿರಿ. ಅದರಲ್ಲಿ ಮೆದು ಮೇಣ ಎಷ್ಟಿದೆ ಅಂತ ನಮಗೆ ಗೊತ್ತಿರುವುದಿಲ್ಲ, ಕಂಬ ಮಾಡಿ ನಿಲ್ಲಿಸಿದರೆ ಬಿಸಿಗೆ ಬಾಗಿ ಕುಸಿಯುತ್ತದೆ. ಬಣ್ಣ ಮತ್ತು ಪರಿಮಳ ನೋಡಿ ಮೊದಲೇ ಬೇರ್ಪಡಿಸಿಡಿ. ಎಲ್ಲ ಬಣ್ಣ ಒಟ್ಟಿಗೆ ಕರಗಿಸಿದರೆ ಸಿಗುವುದು ಕೆಸರು ಕಂದು ಒಂದೇ.

ಕ್ರೇಯಾನ್ ವಿಷಯಕ್ಕೆ ಬರೋಣ. ಮಕ್ಕಳ ಮುರಿದ ಕ್ರೇಯಾನ್‌ಗಳನ್ನು ಕರಗಿಸಿ ಬಣ್ಣಬಣ್ಣದ ಮೇಣದಬತ್ತಿ ಮಾಡಿ ಅಂತ ಎಲ್ಲ ಕಡೆ ಹೇಳುತ್ತಾರೆ. ನಾನೂ ಮೊದಲ ಸಲ ಮಾಡಿದ್ದು ಅದನ್ನೇ. ಕಡುನೀಲಿ ಬಣ್ಣ ಬಂತು, ಹೊಳಪು ಬಂತು. ಹಚ್ಚಿದ ಮೇಲೆ ಉರಿ ದೊಡ್ಡದಾಗಲೇ ಇಲ್ಲ. ಬತ್ತಿಯ ತುದಿಯಲ್ಲಿ ಕಪ್ಪು ಗಂಟು ಕಟ್ಟಿ ಆರಿಹೋಯಿತು. ಬತ್ತಿ ಬಿಚ್ಚಿ ನೋಡಿದರೆ ನೂಲಿನ ಎಳೆಗಳ ಸಂದಿಯಲ್ಲೆಲ್ಲ ನೀಲಿ ಪುಡಿ ತುಂಬಿತ್ತು. ಕ್ರೇಯಾನ್‌ನ ಬಣ್ಣ ಮೇಣದಲ್ಲಿ ಕರಗಿರುವುದಿಲ್ಲ. ಅದು ನುಣ್ಣನೆಯ ಪುಡಿ, ಮೇಣದ ನಡುವೆ ತೇಲಿಕೊಂಡಿರುತ್ತದೆ. ಬತ್ತಿ ಹೀರುವಾಗ ಮೇಣ ಮೇಲೆ ಹೋಗುತ್ತದೆ, ಪುಡಿ ದಾರಿಯಲ್ಲೇ ಕೂತು ಮುಚ್ಚಿಬಿಡುತ್ತದೆ. ಮೇಣದಬತ್ತಿಗೆಂದೇ ಬರುವ ಬಣ್ಣ ಮೇಣದಲ್ಲಿ ಪೂರ್ತಿ ಕರಗುವಂಥದ್ದು. ಅದಿಲ್ಲದಿದ್ದರೆ ಹಳೆಯ ಬಣ್ಣದ ಮೇಣದಬತ್ತಿಯ ಚೂರೇ ಒಳ್ಳೆಯ ಬಣ್ಣ. ಆಹಾರಕ್ಕೆ ಹಾಕುವ ಬಣ್ಣ ನೀರಿನದು, ಮೇಣದೊಂದಿಗೆ ಸೇರುವುದೇ ಇಲ್ಲ.

ಅಡುಗೆ ಎಣ್ಣೆಯಿಂದ ಆಗುತ್ತದೆಯೇ? ಎಣ್ಣೆ ತಾನಾಗಿ ಗಟ್ಟಿಯಾಗುವುದಿಲ್ಲ, ಸ್ಟಿಯರಿಕ್ ಆಮ್ಲದಂಥದ್ದನ್ನು ಬೆರೆಸಬೇಕು. ಅಷ್ಟೆಲ್ಲ ಬೇಡ ಅನ್ನುವವರಿಗೆ ಕಿತ್ತಳೆ ಸಿಪ್ಪೆಯಿದೆ. ಹಣ್ಣನ್ನು ಅಡ್ಡಕ್ಕೆ ಸುತ್ತಲೂ ಗೀರಿ, ತೊಟ್ಟಿನ ಕಡೆಯ ಅರ್ಧ ಸಿಪ್ಪೆಯನ್ನು ಬಟ್ಟಲಿನಂತೆ ಬಿಡಿಸಿದರೆ ನಡುವೆ ಬಿಳಿ ನಾರಿನ ದಿಂಡು ನಿಂತಿರುತ್ತದೆ. ಅದೇ ಬತ್ತಿ. ಎಣ್ಣೆ ಹೊಯ್ದು, ದಿಂಡು ಚೆನ್ನಾಗಿ ನೆನೆದ ಮೇಲೆ ಹಚ್ಚಿ. ಹೊತ್ತಿಕೊಳ್ಳಲು ಸ್ವಲ್ಪ ತಾಳ್ಮೆ ಬೇಕು. ದಿಂಡು ಒಂದು ದಿನ ಒಣಗಿದ್ದರೆ ಕೆಲಸ ಸುಲಭ.

ಕರಗಿಸುವಾಗ

ಇಲ್ಲಿ ಮಾತ್ರ ಅಡ್ಡದಾರಿ ಬೇಡ. ಮೇಣದ ಪಾತ್ರೆಯನ್ನು ನೇರವಾಗಿ ಒಲೆಯ ಮೇಲೆ ಇಡಬೇಡಿ. ದೊಡ್ಡ ಪಾತ್ರೆಯಲ್ಲಿ ನೀರು, ಅದರೊಳಗೆ ಮೇಣದ ಪಾತ್ರೆ. ತಳಕ್ಕೆ ತಾಗದಂತೆ ಒಂದು ಲೋಹದ ಮುಚ್ಚಳವನ್ನೋ ಬಳೆಯಂಥ ರಿಂಗನ್ನೋ ಅಡಿಗಿಡಿ. ನೀರು ಸುಮಾರು 100 ಡಿಗ್ರಿಗೆ ಕುದಿಯುತ್ತದೆ, ಅದಕ್ಕಿಂತ ಮೇಲೆ ಏರುವುದಿಲ್ಲ. ಹಾಗಾಗಿ ಮೇಣವೂ ಏರುವುದಿಲ್ಲ. ನೇರ ಉರಿಯ ಮೇಲಾದರೆ ತಡೆಯೇ ಇಲ್ಲ. ಪ್ಯಾರಾಫಿನ್ 200 ಡಿಗ್ರಿಯ ಆಸುಪಾಸಿಗೆ ಹೋದರೆ ಅದರ ಆವಿ ಒಂದು ಕಿಡಿಗೇ ಹೊತ್ತಿಕೊಳ್ಳಬಹುದು. ಮೇಣ ಕುದಿಯುವುದಿಲ್ಲ, ಗುಳ್ಳೆ ಎಬ್ಬಿಸಿ ಎಚ್ಚರಿಸುವುದಿಲ್ಲ, ಸುಮ್ನೆ ತಿಳಿನೀರಿನಂತೆ ಕೂತಿರುತ್ತದೆ. ಹೊಗೆ ಕಂಡಾಗ ತಡವಾಗಿರುತ್ತದೆ. ಕೆಳಗಿನ ಪಾತ್ರೆಯ ನೀರು ಬತ್ತದಂತೆಯೂ ನೋಡಿಕೊಳ್ಳಿ.

ಅಕಸ್ಮಾತ್ ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು. ನೀರು ಮೇಣಕ್ಕಿಂತ ಭಾರ, ತಳಕ್ಕಿಳಿದು ಆ ಕ್ಷಣದಲ್ಲೇ ಹಬೆಯಾಗುತ್ತದೆ. ಹಬೆಯಾದ ನೀರು ಸುಮಾರು 1,700 ಪಟ್ಟು ಜಾಗ ಹಿಡಿಯುತ್ತದೆ. ಮೇಲಿದ್ದ ಉರಿಯುವ ಮೇಣವೆಲ್ಲ ಚಿಮ್ಮಿ ಬೆಂಕಿಯ ಉಂಡೆಯಾಗುತ್ತದೆ. ಒಲೆ ಆರಿಸಿ, ಪಾತ್ರೆಯ ಮೇಲೆ ಲೋಹದ ಮುಚ್ಚಳ ಸರಿಸಿ, ಪೂರ್ತಿ ತಣ್ಣಗಾಗುವವರೆಗೂ ತೆಗೆಯಬೇಡಿ. ಆ ಮುಚ್ಚಳ ಕೆಲಸ ಶುರು ಮಾಡುವ ಮೊದಲೇ ಕೈಗೆ ಸಿಗುವಲ್ಲಿ ಇರಲಿ. ಮೇಣ ಒಲೆಯ ಮೇಲಿರುವಾಗ ಪಕ್ಕದ ಕೋಣೆಗೂ ಹೋಗಬೇಡಿ.

ಹಳೆ ಮೇಣದಲ್ಲಿ ಸುಟ್ಟ ಬತ್ತಿಯ ತುಂಡು, ಕಡ್ಡಿಯ ತಲೆ, ಧೂಳು ಇದ್ದೇ ಇರುತ್ತದೆ. ಕರಗಿದ ಮೇಲೆ ಹಳೆಯ ಹತ್ತಿ ಬಟ್ಟೆಯಲ್ಲಿ ಸೋಸಿ. ಮೇಣ ತೀರಾ ಕೊಳೆಯಾಗಿದ್ದರೆ ಇನ್ನೊಂದು ಉಪಾಯವಿದೆ. ಸೋಸಿದ ಮೇಣವನ್ನು ಬಿಸಿನೀರಿರುವ ಪಾತ್ರೆಗೆ ಹೊಯ್ದು ಹಾಗೇ ತಣಿಯಲು ಬಿಡಿ. ಮೇಣ ನೀರಿಗಿಂತ ಹಗುರ, ಮೇಲೆ ತೇಲಿ ಬಿಲ್ಲೆಯಾಗಿ ಗಟ್ಟಿಯಾಗುತ್ತದೆ. ಕೊಳೆ ಅದರ ತಳದಲ್ಲಿ ಕಪ್ಪು ಪದರವಾಗಿ ಕೂರುತ್ತದೆ. ಬಿಲ್ಲೆ ಎತ್ತಿ, ಆ ಪದರವನ್ನು ಚಾಕುವಿನಿಂದ ಕೆರೆದು ತೆಗೆಯಿರಿ. ಹೀಗೆ ತೊಳೆದ ಮೇಣ ಒಂದೆರಡು ದಿನ ಚೆನ್ನಾಗಿ ಒಣಗಬೇಕು. ಒಂದು ಹನಿ ನೀರು ಉಳಿದರೂ ಬತ್ತಿ ಚಟಪಟ ಸಿಡಿಯುತ್ತದೆ.

ಬತ್ತಿ

ನೂಲು ಪೂರ್ತಿ ಹತ್ತಿಯದೇ ಆಗಿರಬೇಕು. ಅನುಮಾನವಿದ್ದರೆ ತುದಿಗೆ ಬೆಂಕಿ ತಾಗಿಸಿ. ಹತ್ತಿ ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ, ಮುದುಡಿ, ಗಟ್ಟಿ ಮಣಿಯಾಗುತ್ತದೆ. ಅಂಥ ನೂಲು ಬತ್ತಿಗೆ ಬೇಡ.

ಹೊಸೆದ ನೂಲಿಗಿಂತ ಜಡೆಯಂತೆ ಹೆಣೆದ ನೂಲು ಒಳ್ಳೆಯದು. ಇದರ ಹಿಂದೆ ಒಂದು ಕಥೆಯಿದೆ. ಮೊದಲೆಲ್ಲ ಮೇಣದಬತ್ತಿಯ ಕುಡಿಯನ್ನು ಆಗಾಗ ಕತ್ತರಿಸುತ್ತಲೇ ಇರಬೇಕಿತ್ತು. ಹೊಸೆದ ಬತ್ತಿ ಉರಿಯ ನಡುವೆ ನೆಟ್ಟಗೆ ನಿಲ್ಲುತ್ತಿತ್ತು, ಅಲ್ಲಿ ಆಮ್ಲಜನಕ ಇಲ್ಲದೆ ಅದು ಪೂರ್ತಿ ಸುಡುತ್ತಿರಲಿಲ್ಲ, ಉದ್ದವಾಗುತ್ತಾ ಹೊಗೆಯಾಡುತ್ತಿತ್ತು. 1820ರ ದಶಕದಲ್ಲಿ ಫ್ರಾನ್ಸಿನಲ್ಲಿ ಹೆಣೆದ ಬತ್ತಿ ಬಂತು. ಹೆಣೆದ ಬತ್ತಿ ಉರಿಯುತ್ತಾ ಒಂದು ಕಡೆಗೆ ಬಾಗುತ್ತದೆ. ಅದರ ತುದಿ ಉರಿಯ ಅಂಚಿಗೆ, ಗಾಳಿ ಸಿಗುವ ಜಾಗಕ್ಕೆ ಬಂದು ತಾನೇ ಸುಟ್ಟು ಬೂದಿಯಾಗುತ್ತದೆ. ಉರಿಯುತ್ತಿರುವ ಮೇಣದಬತ್ತಿಯನ್ನು ಹತ್ತಿರದಿಂದ ನೋಡಿ. ಬಾಗಿದ ಕುಡಿಯ ತುದಿಯಲ್ಲಿ ಒಂದು ಕೆಂಪು ಚುಕ್ಕಿ ಹೊಳೆಯುತ್ತಿರುತ್ತದೆ, ಅಲ್ವಾ? ಅದೇ ಈ ಕೆಲಸ.

ಬೇಕಿದ್ದರೆ ನೂಲನ್ನು ನೆನೆಸಿಡಬಹುದು. ಒಂದು ಲೋಟ ಬಿಸಿನೀರಿಗೆ ಒಂದು ದೊಡ್ಡ ಚಮಚ ಉಪ್ಪು, ಎರಡು ದೊಡ್ಡ ಚಮಚ ಬೋರಾಕ್ಸ್ (ಬಿಳಿಗಾರ) ಪುಡಿ ಕರಗಿಸಿ, ರಾತ್ರಿಯಿಡೀ ನೆನೆಸಿ, ಪೂರ್ತಿ ಒಣಗಿಸಿ. ಆರಿಸಿದ ಮೇಲೆ ಬತ್ತಿ ಕೆಂಡದಂತೆ ಕನಲುವುದು ಕಡಿಮೆಯಾಗುತ್ತದೆ. ಬೋರಾಕ್ಸ್ ಹೊಟ್ಟೆಗೆ ಹೋಗಬಾರದು. ಅದಕ್ಕೆ ಬೇರೆಯೇ ಪಾತ್ರೆ ಇರಲಿ, ಮಕ್ಕಳ ಕೈಗೆ ಸಿಗದಿರಲಿ. ನೆನೆಸದೆಯೂ ಬತ್ತಿ ಉರಿಯುತ್ತದೆ.

ತಪ್ಪಿಸಲೇಬಾರದ ಕೆಲಸ ಬೇರೆಯಿದೆ. ಹೆಣೆದ ಬತ್ತಿಯನ್ನು ಕರಗಿದ ಮೇಣದಲ್ಲಿ ಮುಳುಗಿಸಿ. ನೂಲಿನೊಳಗಿನ ಗಾಳಿ ಸಣ್ಣ ಗುಳ್ಳೆಗಳಾಗಿ ಏಳುತ್ತದೆ. ಗುಳ್ಳೆ ನಿಂತ ಮೇಲೆ ತೆಗೆದು, ಎರಡೂ ತುದಿ ಎಳೆದು ನೆಟ್ಟಗೆ ಮಾಡಿ, ಕಾಗದದ ಮೇಲೆ ಆರಲು ಬಿಡಿ. ಮೇಣ ಕುಡಿಯದ ಬತ್ತಿ ಹಚ್ಚಿದ ಕೂಡಲೇ ತಾನೇ ಸುಟ್ಟುಹೋಗುತ್ತದೆ.

ದಪ್ಪ ಎಷ್ಟಿರಬೇಕು? ಇದಕ್ಕೆ ಪಟ್ಟಿ ನೋಡುವುದಕ್ಕಿಂತ ಪರೀಕ್ಷೆ ಮಾಡುವುದೇ ಸರಿ. ಬೆರಕೆ ಮೇಣಕ್ಕೆ ಯಾವ ಪಟ್ಟಿಯೂ ಹೊಂದುವುದಿಲ್ಲ. ನಾನು ಒಮ್ಮೆ ಒಂದೇ ಮೇಣವನ್ನು ಆರು ಸೆಂಟಿಮೀಟರ್ ಅಗಲದ ಮೂರು ತಗಡಿನ ಡಬ್ಬಿಗಳಿಗೆ ಹೊಯ್ದೆ. ಒಂದಕ್ಕೆ ಒಂದೇ ಎಳೆಯ ಹೊಲಿಗೆ ದಾರ. ಇನ್ನೊಂದಕ್ಕೆ ಸುಮಾರು ಎರಡು ಮಿಲಿಮೀಟರ್ ದಪ್ಪದ ಮೂರೆಳೆಯ ಜಡೆ. ಮೂರನೆಯದಕ್ಕೆ ಅದರ ಎರಡರಷ್ಟು ದಪ್ಪದ ಹಗ್ಗ. ಮೂರನ್ನೂ ಒಟ್ಟಿಗೆ ಹಚ್ಚಿ ಎದುರಿಗೆ ಕೂತೆ. ಹೊಲಿಗೆ ದಾರದ ಉರಿ ಬಟಾಣಿಕಾಳಿನಷ್ಟು. ಅದರ ಸುತ್ತ ನಾಣ್ಯದಗಲ ಮೇಣ ಕರಗಿತು, ಅರ್ಧ ಗಂಟೆಯೊಳಗೆ ಅದರಲ್ಲೇ ಮುಳುಗಿ ಆರಿತು. ಹಗ್ಗದ್ದು ಎತ್ತರಕ್ಕೆ ಕುಣಿಯುತ್ತಿತ್ತು. ಮೇಲೆ ಬಿಳಿ ತಟ್ಟೆ ಹಿಡಿದರೆ ಗಳಿಗೆಯಲ್ಲಿ ಕಾಡಿಗೆಯಂಥ ಮಸಿ. ನಡುವಿನದು ಅಲುಗಾಡದೆ ನೀರಹನಿಯ ಆಕಾರದಲ್ಲಿ ನಿಂತಿತು, ಎರಡು ಗಂಟೆ ಕಳೆಯುವಷ್ಟರಲ್ಲಿ ಕರಗಿದ ಮೇಣ ಡಬ್ಬಿಯ ಅಂಚಿನ ಹತ್ತಿರ ಬಂದಿತ್ತು. ನಮಗೆ ಬೇಕಾದದ್ದು ಅದು. ಡಬ್ಬಿ ಬದಲಾದರೆ, ಮೇಣ ಬದಲಾದರೆ ಮತ್ತೆ ಪರೀಕ್ಷೆ. ತುಂಬಾ ಅಗಲದ ಪಾತ್ರೆಗೆ ಒಂದು ದಪ್ಪ ಬತ್ತಿಗಿಂತ ದೂರದೂರ ಇಟ್ಟ ಎರಡು ಮೂರು ಸಣ್ಣ ಬತ್ತಿ ಲೇಸು.

ಹೊಯ್ಯುವ ಪಾತ್ರೆ

ತಗಡಿನ ಡಬ್ಬಿ ಎಲ್ಲಕ್ಕಿಂತ ಒಳ್ಳೆಯದು, ಒಡೆಯುವುದಿಲ್ಲ. ಅಡಿ ಬಿಸಿಯಾಗುತ್ತದೆ, ಟೈಲ್ ಮೇಲಿಡಿ. ಜಾಮ್ ಬಾಟಲಿಯಂಥ ದಪ್ಪ ಗಾಜೂ ಆಗುತ್ತದೆ. ತೆಳು ಗಾಜಿನ ಲೋಟ, ಕೂದಲೆಳೆಯಷ್ಟಾದರೂ ಬಿರುಕಿರುವ ಗಾಜು ಬೇಡವೇ ಬೇಡ. ಪ್ಲಾಸ್ಟಿಕ್, ಮರ ಬೇಡ. ಬಾಯಿ ಕಿರಿದಾದ ಬಾಟಲಿಯಲ್ಲಿ ಉರಿಗೆ ಗಾಳಿ ಸಿಗುವುದಿಲ್ಲ. ಒಡೆದ ಮೊಟ್ಟೆಯ ಚಿಪ್ಪು ತೊಳೆದು ಒಣಗಿಸಿದರೆ ಪುಟ್ಟ ಬಟ್ಟಲು ಸಿದ್ಧ. ಕಾಗದದ ಹಾಲಿನ ಪೊಟ್ಟಣ ಅಚ್ಚಾಗುತ್ತದೆ, ಹಚ್ಚುವ ಮೊದಲು ಹರಿದು ತೆಗೆಯಬೇಕು ಅಷ್ಟೇ.

ಮೇಣ ಎಷ್ಟು ಬೇಕು ಅಂತ ತಿಳಿಯಲು ಪಾತ್ರೆಗೆ ನೀರು ತುಂಬಿ ಅಳೆಯಿರಿ. ಮಿಲಿಲೀಟರನ್ನು 0.9ರಿಂದ ಗುಣಿಸಿದರೆ ಮೇಣದ ತೂಕ ಗ್ರಾಂನಲ್ಲಿ ಸಿಗುತ್ತದೆ. 200 ಮಿಲಿಲೀಟರ್ ಹಿಡಿಯುವ ಬಾಟಲಿಗೆ 180 ಗ್ರಾಂ. ಆಮೇಲೆ ಪಾತ್ರೆಯನ್ನು ಚೆನ್ನಾಗಿ ಒರೆಸಿ ಒಣಗಿಸಿ.

ಹಳೆಯ ಟೀಲೈಟ್‌ಗಳ, ಅಂದರೆ ತೆಳು ತಗಡಿನ ಬಟ್ಟಲಲ್ಲಿ ಬರುವ ಪುಟ್ಟ ಮೇಣದಬತ್ತಿಗಳ ತಳದಲ್ಲಿ ಬತ್ತಿ ಹಿಡಿದಿಡುವ ಪುಟ್ಟ ತಗಡಿನ ಬಿಲ್ಲೆ ಇರುತ್ತದೆ. ಅದನ್ನು ಎಸೆಯಬೇಡಿ. ಹಳೆ ಬತ್ತಿ ತೆಗೆದು ಹೊಸದನ್ನು ತೂರಿಸಿ, ಇಕ್ಕಳದಲ್ಲಿ ಒತ್ತಿ ಬಿಗಿ ಮಾಡಿ. ಬತ್ತಿ ನೆಟ್ಟಗೆ ನಿಲ್ಲುತ್ತದೆ. ಅದರ ಪುಟ್ಟ ಕೊರಳು ಉರಿಯನ್ನು ಪಾತ್ರೆಯ ತಳ ತಲುಪದಂತೆ ತಡೆಯುತ್ತದೆ ಕೂಡ. ಬತ್ತಿಯ ಮೇಲ್ತುದಿಯನ್ನು ಪಾತ್ರೆಯ ಬಾಯಿಗೆ ಅಡ್ಡ ಇಟ್ಟ ಪೆನ್ಸಿಲ್‌ಗೆ ಸುತ್ತಿ, ಸರಿಯಾಗಿ ನಡುವಿಗೆ ತನ್ನಿ. ಬತ್ತಿ ಒಂದು ಬದಿಗೆ ಸರಿದರೆ ಗಾಜು ಅಲ್ಲೇ ಕಾದು ಸೀಳುತ್ತದೆ.

ಗಾಜಿನ ಬಾಟಲಿಯನ್ನು ಸ್ವಲ್ಪ ಬೆಚ್ಚಗೆ ಮಾಡಿಕೊಂಡು, ಮೇಣ 70 ಡಿಗ್ರಿ ಆಸುಪಾಸಿಗೆ ಇಳಿದ ಮೇಲೆ ನಿಧಾನವಾಗಿ ಹೊಯ್ಯಿರಿ. ಸ್ವಲ್ಪ ಮೇಣ ಉಳಿಸಿಕೊಳ್ಳಿ. ಯಾಕೆಂದರೆ ಮೇಣ ಗಟ್ಟಿಯಾಗುವಾಗ ಕುಗ್ಗುತ್ತದೆ. ಹೊರಗಿನಿಂದ ಒಳಕ್ಕೆ ಗಟ್ಟಿಯಾಗುವುದರಿಂದ ಕೊನೆಗೆ ಬತ್ತಿಯ ಸುತ್ತಲೇ ಗುಂಡಿ ಬೀಳುತ್ತದೆ. ಕೆಲವೊಮ್ಮೆ ಮೇಲೆ ಕೆನೆ ಕಟ್ಟಿ, ಗುಂಡಿ ಒಳಗೇ ಅಡಗಿರುತ್ತದೆ. ಅರ್ಧ ಗಟ್ಟಿಯಾದಾಗ ಬತ್ತಿಯ ಪಕ್ಕ ಕಡ್ಡಿಯಿಂದ ಎರಡು ಮೂರು ಕಡೆ ಚುಚ್ಚಿ, ಉಳಿಸಿದ ಮೇಣ ಮತ್ತೆ ಕರಗಿಸಿ ತುಂಬಿ. ಬೇಗ ಆರಲಿ ಅಂತ ಫ್ರಿಜ್‌ನಲ್ಲಿ ಇಡಬೇಡಿ, ಸೀಳು ಬಿಡುತ್ತದೆ.

ಪರಿಮಳ ಬೇಕೆನ್ನುವವರು ಮೇಣದ ತೂಕದ ನೂರಕ್ಕೆ ಐದಾರು ಭಾಗ ಮೇಣದಬತ್ತಿಗೆಂದೇ ಮಾರುವ ಪರಿಮಳದ ಎಣ್ಣೆ ಹಾಕಬಹುದು. ಮೈಗೆ ಹಾಕುವ ಸೆಂಟ್ ಹಾಕಲೇಬೇಡಿ. ಅದರಲ್ಲಿರುವುದು ಆಲ್ಕೋಹಾಲ್, ಬಿಸಿ ಮೇಣಕ್ಕೆ ಬಿದ್ದರೆ ಬೆಂಕಿಗೆ ಆಹ್ವಾನ. ಒಣ ಹೂವು, ಚಕ್ಕೆ ಚೂರುಗಳನ್ನು ಮೇಲೆ ಉದುರಿಸಿದರೆ ಚೆಂದ ಕಾಣುತ್ತದೆ ನಿಜ. ಅವೂ ಬತ್ತಿಯಂತೆಯೇ ಮೇಣ ಹೀರಿ ಉರಿಯಲು ಶುರುಮಾಡುತ್ತವೆ. ನನ್ನ ಮನೆಯಲ್ಲಿ ಅವಕ್ಕೆ ಜಾಗವಿಲ್ಲ.

ಹಚ್ಚುವಾಗ

ಹೊಯ್ದ ಮೇಲೆ ಒಂದು ದಿನ ಬಿಟ್ಟು ಹಚ್ಚಿ. ಬತ್ತಿಯನ್ನು ಐದಾರು ಮಿಲಿಮೀಟರ್‌ಗೆ ಕತ್ತರಿಸಿ, ಆಮೇಲೆ ಪ್ರತಿ ಸಲವೂ ಹಾಗೇ. ಮೊದಲ ಸಲ ಹಚ್ಚಿದಾಗ ಕರಗಿದ ಮೇಣ ಅಂಚು ಮುಟ್ಟುವವರೆಗೂ ಆರಿಸಬೇಡಿ. ಎರಡೂವರೆ ಸೆಂಟಿಮೀಟರ್ ಅಗಲಕ್ಕೆ ಒಂದು ಗಂಟೆ ಅನ್ನುವುದು ಅಂದಾಜು ಲೆಕ್ಕ. ಅರ್ಧಕ್ಕೇ ಆರಿಸಿದರೆ ಮುಂದಿನ ಸಲವೂ ಉರಿ ಅದೇ ಗುಂಡಿಯಲ್ಲಿ ಇಳಿಯುತ್ತದೆ. ಒಂದೇ ಸಮನೆ ನಾಲ್ಕು ಗಂಟೆಗಿಂತ ಜಾಸ್ತಿ ಬೇಡ. ಪರದೆಯಿಂದ, ಕಾಗದದಿಂದ ದೂರ. ನಿದ್ದೆ ಬರುವ ಮೊದಲು ಆರಿಸಿ. ತಳದಲ್ಲಿ ಒಂದು ಸೆಂಟಿಮೀಟರ್ ಮೇಣ ಇರುವಾಗಲೇ ನಿಲ್ಲಿಸಿ. ತಣ್ಣಗಾದ ಬಾಟಲಿಯನ್ನು ಕೆಲವು ಗಂಟೆ ಫ್ರೀಜರ್‌ನಲ್ಲಿ ಇಟ್ಟರೆ ಉಳಿದ ಮೇಣ ಕುಗ್ಗಿ ತಾನೇ ಕಳಚಿಕೊಳ್ಳುತ್ತದೆ.

ಪಾತ್ರೆ ತೊಳೆಯುವಾಗ ಕರಗಿದ ಮೇಣವನ್ನು ಸಿಂಕಿಗೆ ಹೊಯ್ಯಬೇಡಿ, ಪೈಪಿನೊಳಗೆ ಗಟ್ಟಿಯಾಗಿ ಕೂತುಬಿಡುತ್ತದೆ. ಬೆಚ್ಚಗಿರುವಾಗಲೇ ಹಳೆ ಕಾಗದದಿಂದ ಒರೆಸಿ. ಆ ಕಾಗದ, ಸೋಸಿದ ಬಟ್ಟೆ, ಕೆರೆದ ಕೊಳೆ ಮೇಣ, ಬತ್ತಿಗೆ ಆಗಿಬರದ ಕ್ರೇಯಾನ್ ಮೇಣ, ಯಾವುದೂ ವ್ಯರ್ಥವಲ್ಲ. ರಟ್ಟಿನ ಮೊಟ್ಟೆ ತಟ್ಟೆಯ ಗುಂಡಿಗಳಲ್ಲಿ ಮರದ ಹೊಟ್ಟು ತುಂಬಿ ಅದರ ಮೇಲೆ ಕೊಳೆ ಮೇಣ ಹೊಯ್ಯಿರಿ. ಗಟ್ಟಿಯಾದ ಮೇಲೆ ಒಂದೊಂದಾಗಿ ಕತ್ತರಿಸಿ, ಬಯಲಲ್ಲಿ ಸೌದೆಗೆ ಬೆಂಕಿ ಹಚ್ಚುವಾಗ ಅಡಿಗೆ ಒಂದು ಇಟ್ಟರೆ ಸಾಕು. ಒದ್ದೆ ಸೌದೆಯೂ ಹಿಡಿಯುವಷ್ಟು ಹೊತ್ತು ಉರಿಯುತ್ತದೆ.